ಬಿಸಿಲಿಗೆ ಯಾವ ಮೈ

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ನನ್ನ ಸೊಸೆ ಗಿರಿಜಾ ಮಸಾಲೆ ಖಾರಕ್ಕೆಂದು ಮೆಣಸಿನಕಾಯಿ ಹುರಿಯುತ್ತಿದ್ದಳು. ಕುಷ್ಟಗಿಯಲ್ಲಿ ನಮ್ಮದು ಹಳೆಯ ಮಾಳಿಗೆ ಮನೆ. ಅಡುಗೆಮನೆಯ ಮಗ್ಗುಲಿಗೇ ಪಡಸಾಲೆ, ಪಡಸಾಲೆಯ ನೆತ್ತಿಗೆ ಒಂದು ಬೆಳಕಿಂಡಿ. ಊಟಕ್ಕೆ ನಾನು ಯಾವಾಗಲೂ ಆ ಬೆಳಕಿಂಡಿಯ ಕೆಳಗೇ ಕೂರುತ್ತೇನೆ. ಘಾಟು ಒಮ್ಮೆಲೇ ಏರಿತು.

"ಮಾವಾರ, ಹೊರಗ ನಡೀರಿ. ಗಂಗಾಳ ಅಲ್ಲಿಗೇ ತರ್ತೀನಿ," ಎಂದಳು ಗಿರಿಜಾ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ನಾನು ಏಳಲಿಲ್ಲ. ಕೆಮ್ಮುತ್ತಲೇ ಕೂತೆ. ಬೆಳಕಿಂಡಿಯಿಂದ ಇಳಿದ ಬಿಸಿಲು ನನ್ನ ಗಂಗಾಳದ ಪಕ್ಕದಲ್ಲಿ ಬೆಳ್ಳಗೆ, ಸ್ವಚ್ಛವಾಗಿ ಬಿದ್ದಿತ್ತು. ಹೊಗೆ ಅದರೊಳಗೆ ಸುತ್ತಿಕೊಂಡು ಮೇಲಕ್ಕೆ ಹೋಗುತ್ತಿತ್ತು. ಬಿಸಿ ಮೆಣಸಿನಕಾಯಿಯ ಆ ವಾಸನೆ, ಆ ಬೆಳಕು ಎರಡೂ ಕೂಡಿದಾಗ ಒಂದು ಸುಗ್ಗಿ ಪೂರಾ ನೆನಪಿಗೆ ಬಂತು. ಅದನ್ನು ನೆನೆಯದೆ ಇರಲು ನಾನು ಐದು ವರ್ಷ ಪ್ರಯತ್ನಪಟ್ಟಿದ್ದೆ.

ತಾವರಗೇರಾದಿಂದ ಕನಕಗಿರಿಯ ದಾರಿ ಹಿಡಿದು ನಡುವೆ ಎಡಕ್ಕೆ ಹೊರಳಿದರೆ ಆ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರ ಅಪ್ಪಣೆ ಕೇಳಿಲ್ಲ. ಎಂಟು ವರ್ಷಗಳ ಹಿಂದೆ ಅಲ್ಲಿ ನಾನು ಒಂದು ಪೆಟ್ಟಿಗೆಗೆ ಮುಚ್ಚಳ ಕೂರಿಸಿದೆ. ನಲವತ್ತು ವರ್ಷದ ನನ್ನ ಕಸುಬಿನಲ್ಲಿ ಅಷ್ಟು ಸಂತೋಷದಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ಅದರ ವಿಷಯದಲ್ಲಿ ನಡೆದುಕೊಂಡಷ್ಟು ಕೆಟ್ಟದಾಗಿ ನಾನು ಬೇರೆಲ್ಲೂ ನಡೆದುಕೊಂಡಿಲ್ಲ.

ನನ್ನ ಕಸುಬು ಕಿಟಕಿ, ಬಾಗಿಲುಗಳಿಗೆ ಗಾಜು ಕೂರಿಸುವುದು. ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಗೆ ಕೂತವನು. ಇಂಗ್ಲಿಷು ಮಾತಾಡಲು ಬರುವುದಿಲ್ಲ, ಆದರೆ ಓದಲು ಬರುತ್ತದೆ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ.

ಆ ವರ್ಷ ಎರೆಹೊಲಗಳಲ್ಲಿ ಮೆಣಸಿನಕಾಯಿ ಛಲೋ ಬಂದಿತ್ತು. ಕಾಯಿ ಬಿಡಿಸಿ ಕಣದಲ್ಲಿ ಹರವಿದ ಹೊತ್ತಿಗೇ ಮೋಡ ಕಟ್ಟಿ ಜಿಟಿಜಿಟಿ ಮಳೆ ಹಿಡಿಯಿತು. ಹೊದಿಸುವುದು, ತೆಗೆಯುವುದು, ಮತ್ತೆ ಹೊದಿಸುವುದು. ಅಷ್ಟಾದರೂ ಕಾಯಿ ಅಲ್ಲಲ್ಲಿ ಬಿಳಿಚಿತು. ಆ ಊರಿನ ಹೆಣ್ಣುಮಕ್ಕಳ ಸಂಘಕ್ಕೆ ಬಿಸಿಗಾಳಿಯಲ್ಲಿ ಕಾಯಿ ಒಣಗಿಸುವ ಪೆಟ್ಟಿಗೆ ಕಟ್ಟಿಕೊಡಲು ಒಬ್ಬ ಇಂಜಿನಿಯರ್ ಹುಡುಗಿ ಬಂದಳು. ಗಂಗಾವತಿಯವಳು, ನಸ್ರೀನ್ ಅಂತ. ಮುಚ್ಚಳದ ಕೆಲಸಕ್ಕೆ ನನ್ನನ್ನು ಕರೆಸಿದವಳು ಅವಳೇ. ವಯಸ್ಸು ನನ್ನ ಕೊನೆಯ ಮಗಳಷ್ಟು, ಆದರೂ ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಅಂದೆ.

ಪೆಟ್ಟಿಗೆ ಬಹಳ ಸರಳ. ಮಂಚದಷ್ಟು ಉದ್ದಗಲದ ಡಬ್ಬಿಗಳು, ಒಳಗೆ ಕಪ್ಪು ಬಣ್ಣ ಹೊಡೆದ ತಗಡು, ಮೇಲೆ ಬಿಸಿಲು ಬಿಡುವ ಮುಚ್ಚಳ. ಬಿಸಿಲು ಒಳಗಿಳಿದು ತಗಡನ್ನು ಕಾಯಿಸುತ್ತದೆ, ತಗಡು ಗಾಳಿಯನ್ನು ಕಾಯಿಸುತ್ತದೆ, ಒಂದು ಸಣ್ಣ ಫ್ಯಾನು ಆ ಬಿಸಿಗಾಳಿಯನ್ನು ತಳ್ಳಿ ಪಕ್ಕದ ಕಪಾಟಿನೊಳಗೆ ಬಿಡುತ್ತದೆ. ಕಪಾಟಿನಲ್ಲಿ ಜಾಲರಿಯ ತಟ್ಟೆಗಳು, ತಟ್ಟೆಗಳ ಮೇಲೆ ಮೆಣಸಿನಕಾಯಿ. ಮಳೆ, ಧೂಳು, ಕೋಳಿ ಯಾವುದರ ಕಾಟವೂ ಇಲ್ಲ.

"ಎಲ್ಲಾ ಇರೋದು ಮುಚ್ಚಳದಾಗ ನೋಡ್ರಿ," ಎಂದಳು ಮೇಡಂ. "ಬಿಸಿಲು ಒಳಗ ಬಿಡಬೇಕು, ಬಿಸಿ ಹೊರಗ ಬಿಡಬಾರದು."

ಅದನ್ನು ತೋರಿಸಲು ಅವಳು ಸಂಘದ ಮನೆಯ ಮಾಳಿಗೆಯ ಮೇಲೆ ಮೂರು ಸಣ್ಣ ಡಬ್ಬಿ ಇಟ್ಟಳು. ಒಂದಕ್ಕೆ ತೆಳು ಪ್ಲಾಸ್ಟಿಕ್, ಒಂದಕ್ಕೆ ಗಾಜು, ಒಂದಕ್ಕೆ ಪಾಲಿಕಾರ್ಬೊನೇಟ್ ಹಾಳೆ. ಈ ಹಾಳೆಯೆಂದರೆ ನಡುವೆ ಟೊಳ್ಳಿರುವ ಎರಡು ಪದರದ ಗಟ್ಟಿ ಪ್ಲಾಸ್ಟಿಕ್ಕು, ಕಾರು ನಿಲ್ಲಿಸುವ ಚಪ್ಪರಗಳ ಮೇಲೆ ಹಾಕುತ್ತಾರೆ. ಪ್ರತಿ ಡಬ್ಬಿಗೂ ಒಂದು ಬಾಯಿ, ಬಾಯಿಗೊಂದು ಉಷ್ಣಮಾಪಕ. ಮೇಡಂ ಅಂಕಿ ಬರೆದುಕೊಳ್ಳುತ್ತಿದ್ದಳು. ಹೆಂಗಸರ ಗುಂಪಿನಿಂದ ಹನುಮವ್ವ ಮುಂದೆ ಬಂದು ಮೂರೂ ಬಾಯಿಗೆ ಒಂದೊಂದಾಗಿ ಅಂಗೈ ಹಿಡಿದಳು.

ಹನುಮವ್ವ ಕೂಲಿಗೆ ಹೋಗುವ ಮನೆತನದವಳು. ಆಗ ಐವತ್ತರ ಹತ್ತಿರ ಇದ್ದಳು. ಕೈ ಒರಟು, ಮಾತು ಚುರುಕು.

"ಪ್ಲಾಸ್ಟಿಕ್ಕಿಂದು ಹೆಪ್ಪು ಹಾಕೋ ಹಾಲಿನ ಬಿಸಿ," ಎಂದಳು. "ಹಾಳಿದು ಜ್ವರದ ಮೈ ಬಿಸಿ. ಗಾಜಿಂದು ರೊಟ್ಟಿ ಹಂಚಿನ ಬಿಸಿ. ಹೌದಲ್ರಿ ಮೇಡಂ?"

ಮೇಡಂ ತನ್ನ ಅಂಕಿ ನೋಡಿಕೊಂಡು ನಕ್ಕಳು. "ನನ್ನ ಮೀಟರ್ ಮನಿಯಾಗ ಇಟ್ಟು ಬರಬಹುದಿತ್ತು ಬಿಡ್ರಿ."

"ಗಾಜ ಆಗಲಿ ಹಂಗಾರ," ಎಂದಳು ಶಾಂತಮ್ಮ. ಅವಳು ಸಂಘದ ಅಧ್ಯಕ್ಷೆ, ಹೊಲ ಅಂಗಡಿ ಎರಡೂ ಇದ್ದ ಮನೆಯ ಸೊಸೆ.

ಗಾಜು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಎಷ್ಟು ವರ್ಷ ಬಿಸಿಲು ತಿಂದರೂ ಬಣ್ಣಗೆಡುವುದಿಲ್ಲ. ಆದರೆ ಭಾರ, ಒಡೆಯುವ ಮಾಲು. ತೆಳು ಪ್ಲಾಸ್ಟಿಕ್ಕಿಗೆ ಒಂದು ಬೇಸಿಗೆ ಸಾಕು, ಹಪ್ಪಳದಂತೆ ಹರಿಯುತ್ತದೆ. ಹಾಳೆ ಇವೆರಡರ ನಡುವಿನದು. ಹೀಗೆಂದು ಚರ್ಚೆ ನಡೆದಿರುವಾಗಲೇ ಗುಡ್ಡದ ಕಡೆಯಿಂದ ಮಂಗಗಳ ಹಿಂಡು ಬಂತು. ಒಂದು ದಡಿಯ ಮಂಗ ನೆಗೆದು ಗಾಜಿನ ಡಬ್ಬಿಯ ಮೇಲೆಯೇ ಕೂತಿತು. ಗಾಜು ಚಿಟಿಲ್ ಎಂದು ಸೀಳಿತು. ಬುಡ ಸುಟ್ಟಿತೋ ಏನೋ, ಅದು ಎದ್ದು ಹಾಳೆಯ ಡಬ್ಬಿಗೆ ಹಾರಿ, ಅಲ್ಲಿ ಆರಾಮಾಗಿ ಕೂತು ಬೆನ್ನು ಕೆರೆದುಕೊಂಡಿತು.

"ಅಧ್ಯಕ್ಷರು ಪಾಸ್ ಮಾಡಿದ್ರು," ಎಂದಳು ಹನುಮವ್ವ. ಶಾಂತಮ್ಮನಿಗೂ ನಗು ತಡೆಯಲಾಗಲಿಲ್ಲ. ಹಾಳೆಯೇ ಎಂದು ತೀರ್ಮಾನವಾಯಿತು.

ಹಾಳೆಗಳು ಬಂದವು. ಒಂದು ಮೈಗೆ ಬಿಸಿಲಿಗೆ ಹಾಳೆ ಕೆಡದಂತೆ ಕಾಯುವ ಲೇಪ ಇರುತ್ತದೆ, ಇನ್ನೊಂದು ಮೈಗೆ ಇರುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಎರಡೂ ಮೈಗೆ ತೆಳು ಪೊರೆ ಅಂಟಿಸಿ, ಗುರುತಿಗೆಂದು ಲೇಪದ ಮೈಯ ಪೊರೆಯ ಮೇಲೆ ಇಂಗ್ಲಿಷಿನಲ್ಲಿ, ಈ ಮೈ ಸೂರ್ಯನಿಗೆ ಎಂದು ಅಚ್ಚು ಹಾಕಿರುತ್ತಾರೆ. ಹಾಳೆ ಕೂರಿಸಿ, ಆಮೇಲೆ ಪೊರೆ ಸುಲಿಯಬೇಕು. ಆದರೆ ಹಿಂದೊಮ್ಮೆ ಕೊಪ್ಪಳದಲ್ಲಿ ಚಪ್ಪರದ ಕೆಲಸ ಮಾಡುವಾಗ ಪೊರೆ ಬಿಸಿಲಿಗೆ ಅಂಟಿಕೊಂಡು, ಎರಡು ದಿನ ಉಗುರಿನಿಂದ ಕೆರೆದು ಕೈ ಹಾಳಾಗಿತ್ತು. ಅದರ ಹೆದರಿಕೆಗೆ ಈ ಸಲ ಹಿಂದಿನ ದಿನವೇ ನೆರಳಿನಲ್ಲಿ ಕೂತು ಎಲ್ಲ ಹಾಳೆಗಳ ಎರಡೂ ಮೈ ಸುಲಿದು, ಒಂದರ ಮೇಲೊಂದು ಒಟ್ಟಿದೆ.

ಹನುಮವ್ವ ಬಂದು ಸುಲಿದ ಪೊರೆ ಸುತ್ತಿಕೊಂಡಳು, ಕಾಳಿನ ಬುಟ್ಟಿಗೆ ಹಾಸಲು ಬೇಕಂತೆ. "ಅಣ್ಣಾರ, ಇದರ ಮ್ಯಾಲ ಏನ್ ಬರದಾರ?"

"ಕಂಪನಿ ಹೆಸರು ಬಿಡವ್ವ," ಎಂದೆ. ವಿವರಿಸಿ ಹೇಳಲು ಬೇಸರ, ಅಷ್ಟೇ.

ಮರುದಿನ ಮುಂಜಾನೆ ಮೊದಲ ಹಾಳೆ ಎತ್ತಿದವನು ಮತ್ತೆ ಕೆಳಗಿಟ್ಟೆ. ಯಾವ ಮೈ ಮೇಲೆ? ಉಗುರಿನಿಂದ ಗೀರಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ತಿಳಿಯಲಿಲ್ಲ. ಮೇಡಂಗೆ ಹೇಳಿದ್ದರೆ ಏನಾದರೂ ದಾರಿ ತೋರಿಸುತ್ತಿದ್ದಳು. ಆದರೆ ಪೆಟ್ಟಿಗೆಯ ಪೂಜೆ ಅಂದೇ ಮಧ್ಯಾಹ್ನ ಇತ್ತು. ಹಸಿ ಕಾಯಿಯ ರಾಶಿ ಬಂದು ಬಿದ್ದಿತ್ತು. ಮೂವತ್ತು ವರ್ಷ ದಾಟಿ ಕೈ ಪಳಗಿದ ಮೇಸ್ತ್ರಿ ಒಬ್ಬ ಹುಡುಗಿಯ ಮುಂದೆ ತಪ್ಪಾಯಿತು ಅನ್ನಬೇಕಿತ್ತು. ಒಟ್ಟುವಾಗ ಮೇಲಿದ್ದದ್ದು ಮೇಲಿನ ಮೈಯೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡು ಎಲ್ಲವನ್ನೂ ಅದೇ ರೀತಿ ಕೂರಿಸಿದೆ. ಉಳಿದದ್ದನ್ನೆಲ್ಲ ಚಂದ ಮಾಡಿದೆ. ಬಿಸಿಲಿಗೆ ಹಾಳೆ ಹಿಗ್ಗುತ್ತದೆಂದು ಸ್ಕ್ರೂವಿನ ತೂತು ದೊಡ್ಡದಾಗಿ ಕೊರೆದೆ, ಕೆಳಗೆ ರಬ್ಬರ್ ಪಟ್ಟಿ ಕೊಟ್ಟೆ, ಟೊಳ್ಳಿನೊಳಗೆ ಇರುವೆ ಹೋಗದಂತೆ ಅಂಚಿಗೆ ಟೇಪು ಸುತ್ತಿದೆ. ಮೇಡಂ ಸುತ್ತ ತಿರುಗಿ ನೋಡಿ, "ಇಷ್ಟು ನೀಟಾಗಿ ಯಾರೂ ಮಾಡಂಗಿಲ್ಲ ಬಿಡ್ರಿ ಬಸಣ್ಣಾರ," ಎಂದಳು.

ಸುಲಿಯುವ ಮೊದಲೇ ಕತ್ತರಿಸಿ ತೆಗೆದಿದ್ದ ಒಂದು ತುಂಡು ಉಳಿದಿತ್ತು. ಅದನ್ನು ಅವಳೇ ನನಗೆ ಕೊಟ್ಟಳು. ಆ ತುಂಡಿಗೆ ಅಕ್ಷರದ ಪೊರೆ ಇನ್ನೂ ಇತ್ತು. ಮನೆಗೆ ತಂದು ಅಕ್ಷರ ಮೇಲೆ ಬರುವಂತೆ ಬೆಳಕಿಂಡಿಗೆ ಕೂರಿಸಿ, ಆಮೇಲೆ ಪೊರೆ ಸುಲಿದೆ. ನನ್ನ ಮನೆಯದು ಸರಿಯಾಗಿ ಕೂತಿತು.

ಆ ಸುಗ್ಗಿಯ ಬಗ್ಗೆ ಏನು ಹೇಳಲಿ. ಕಣದಲ್ಲಿ ಎರಡು ವಾರ ಹಿಡಿಯುತ್ತಿದ್ದ ಕಾಯಿ ಪೆಟ್ಟಿಗೆಯಲ್ಲಿ ಮೂರು ದಿನಕ್ಕೆ ಗಲಗಲ ಎನ್ನುತ್ತಿತ್ತು. ಬಣ್ಣ ಕುಂಕುಮದಂತೆ ನಿಲ್ಲುತ್ತಿತ್ತು. ಪೆಟ್ಟಿಗೆ ನೋಡಿಕೊಳ್ಳುವ ಕೆಲಸ ಸಂಘದವರು ಹನುಮವ್ವನಿಗೆ ಕೊಟ್ಟರು. ದಿನಾ ಬೆಳಗ್ಗೆ ಅವಳು ಹಳೆಯ ಸೀರೆಯ ತುಂಡು ಒದ್ದೆ ಮಾಡಿ ಹಾಳೆಗಳ ಮೇಲಿನ ಧೂಳು ಒರೆಸುತ್ತಿದ್ದಳು, ಮಗುವಿನ ಮುಖ ಒರೆಸಿದಷ್ಟು ಮೆತ್ತಗೆ. ಬಿಸಿಲೇರಿದ ಮೇಲೆ ಪೆಟ್ಟಿಗೆಯ ಬಾಯಿಗೆ ಅಂಗೈ ಹಿಡಿದು, "ಇನ್ನೂ ರೊಟ್ಟಿ ಬೇಯಂಗಿಲ್ಲ, ತಡೀರಿ," ಎನ್ನುವಳು. ಸ್ವಲ್ಪ ಹೊತ್ತು ಬಿಟ್ಟು, "ಈಗ ಇಡ್ರಿ," ಎನ್ನುವಳು. ಅವಳು ಅಂದಮೇಲೇ ತಟ್ಟೆಗಳು ಒಳಗೆ ಹೋಗುತ್ತಿದ್ದವು. ಶಾಂತಮ್ಮನಂಥವಳು ಕೂಡ ತಟ್ಟೆ ಹಿಡಿದುಕೊಂಡು ಹನುಮವ್ವನ ಕೈ ನೋಡುತ್ತ ನಿಲ್ಲುತ್ತಿದ್ದಳು. ಅದು ಆ ಊರಿನಲ್ಲಿ ಸಣ್ಣ ಮಾತಲ್ಲ.

ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ವಾರಕ್ಕೊಮ್ಮೆ ಸ್ಕ್ರೂ ನೋಡುವ ನೆವ ಮಾಡಿ ಹೋಗುತ್ತಿದ್ದೆ. ಚಳಿಗಾಲದ ಎಳೆ ಬಿಸಿಲು, ಎರೆಹೊಲದಲ್ಲಿ ಜೋಳ ಹಾಲುಗಾಳಾಗಿ ನಿಂತ ಹಸಿರು, ಫ್ಯಾನಿನ ಗುಂಯ್ ಸದ್ದು. ಕಪಾಟಿನ ಬಾಗಿಲು ತೆರೆದಾಗೆಲ್ಲ ಘಾಟು ಬಂದು ಎಲ್ಲರೂ ಒಟ್ಟಿಗೇ ಸೀನುತ್ತಿದ್ದೆವು. ಮಧ್ಯಾಹ್ನ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಹನುಮವ್ವ ನನ್ನ ರೊಟ್ಟಿಯ ಮೇಲೆ ಹಿಂಡಿ ಹಾಕುತ್ತ, "ಅಣ್ಣಾರ ಮುಚ್ಚಳ ನೋಡಾಕ ಬರ್ತಾರೋ ಹಿಂಡಿ ತಿನ್ನಾಕ ಬರ್ತಾರೋ ಕೇಳ್ರಿ," ಎನ್ನುತ್ತಿದ್ದಳು. ಎರಡಕ್ಕೂ, ಎನ್ನುತ್ತಿದ್ದೆ ನಾನು. ಆ ಸಂತೋಷ ಸುಳ್ಳಲ್ಲ. ಅದನ್ನು ಈಗಲೂ ಬಿಟ್ಟುಕೊಡುವುದಿಲ್ಲ.

ಎರಡನೆಯ ವರ್ಷ ಹನುಮವ್ವ ಅಂಗೈ ಹಿಡಿದು, "ಯಾಕೋ ಬಿಸಿ ಕಡಿಮಿ ಐತ್ರಿ," ಅಂದಳಂತೆ. ಚಳಿಗೆ ಹಾಗೆ ಅನ್ನಿಸುತ್ತದೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ವರ್ಷ ಶಾಂತಮ್ಮನ ಫೋನ್ ಬಂತು. ಅಷ್ಟರಲ್ಲಿ ನಸ್ರೀನ್ ಮೇಡಂ ಬೇರೆ ಊರಿನ ಕೆಲಸಕ್ಕೆ ಹೋಗಿದ್ದಳು. ನಾನೊಬ್ಬನೇ ಹೋದೆ.

ಹಾಳೆಗಳು ಹಳದಿಗಟ್ಟಿದ್ದವು, ಹಳೆಯ ಪೇಪರಿನ ಹಾಗೆ. ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿದೆ, ಚಕ್ಕೆ ಎದ್ದು ಕೈಗೆ ಬಂತು. ಅದೇ ಕ್ಷಣಕ್ಕೆ ನನ್ನ ಮನೆಯ ಬೆಳಕಿಂಡಿ ಕಣ್ಣ ಮುಂದೆ ನಿಂತಿತು. ಅದೇ ಮಾಲು, ಅದೇ ಬಿಸಿಲು, ಅದೇ ಮೂರು ವರ್ಷ. ಅದು ಇನ್ನೂ ನೀರಿನಂತೆ ತಿಳಿ. ಅಂದರೆ ಇಲ್ಲಿ ನಾನು ಕೂರಿಸಿದ್ದು ತಲೆಕೆಳಗು. ಲೇಪದ ಮೈ ಡಬ್ಬಿಯೊಳಗೆ, ಲೇಪವಿಲ್ಲದ ಮೈ ಸೂರ್ಯನಿಗೆ.

ಹೆಂಗಸರು ಸುತ್ತ ನಿಂತಿದ್ದರು. "ಯಾಕ ಹಿಂಗಾತ್ರಿ ಬಸಣ್ಣಾರ?" ಎಂದಳು ಶಾಂತಮ್ಮ.

ನಾನು ಸುಳ್ಳು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ. "ಇದನ್ನ ಯಾತರಲೇ ತಿಕ್ತೀರಿ? ಬೂದಿಗೀದಿ ಹಚ್ಚೀರೇನು?"

ಬೂದಿ ತಿಕ್ಕಿದರೆ ಹಾಳೆ ಗೀರಿ ಮಂಕಾಗುತ್ತದೆ. ಎಲ್ಲರ ಕಣ್ಣುಗಳು ಹನುಮವ್ವನ ಕಡೆಗೆ ತಿರುಗಿದವು. ಆ ಊರಲ್ಲಿ ಬೂದಿ ಹಚ್ಚಿ ಪಾತ್ರೆ ಹೊಳೆಸುವುದರಲ್ಲಿ ಅವಳದೇ ಹೆಸರು.

"ನಾ ಬೂದಿ ಮುಟ್ಟಿಲ್ರಿ. ನೀರು, ಅರಿಬಿ ಅಷ್ಟ. ಖರೇನ ಹೇಳ್ತೀನಿ."

"ಹೊಳಿಲಿ ಅಂತ ಒಂದೀಟು ಹಚ್ಚಿರಬೇಕು ಬಿಡ, ಹೇಳಿದ್ರ ಏನಾಕ್ಕೈತಿ," ಎಂದಳು ಯಾರೋ ಒಬ್ಬಳು. ಹನುಮವ್ವ ನನ್ನ ಮುಖ ನೋಡಿದಳು. ಅಣ್ಣ ಏನಾದರೂ ಅಂದಾನು ಎಂದು ನೋಡಿದಳು. ನಾನು ಬಗ್ಗಿ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಬಿಗಿಯಾಗಿಯೇ ಇದ್ದ ಸ್ಕ್ರೂ.

ಪೆಟ್ಟಿಗೆಯ ಕೆಲಸ ಅವಳಿಂದ ಹೋಯಿತು. ಮತ್ತೆ ಕಳೆ ತೆಗೆಯುವ ಕೂಲಿಗೆ ಹೊರಟಳು. ಪೆಟ್ಟಿಗೆಯೂ ನಿಂತಿತು, ಹೆಂಗಸರು ಮತ್ತೆ ಕಣಕ್ಕಿಳಿದರು. ಹೋದ ವರ್ಷ ತಾವರಗೇರಾದ ಸಂತೆಯಲ್ಲಿ ಆ ಊರಿನವರೊಬ್ಬರು ಸಿಕ್ಕಾಗ ನಾನು ಹನುಮವ್ವ ಹೇಗಿದ್ದಾಳೆ ಎಂದು ಕೇಳಿದೆ. "ಯಾವ ಹನುಮವ್ವ? ಬೂದಿ ಹನುಮವ್ವನಾ?" ಎಂದರು. ನಗಾಡುತ್ತ ಅಂದರು, ಕೆಟ್ಟ ಮನಸ್ಸಿನಿಂದಲ್ಲ. ಹೆಸರೇ ಹಾಗಾಗಿತ್ತು.

ಇಷ್ಟೆಲ್ಲ ಆದರೂ ನಾನು ದಿನಾ ಆ ಬೆಳಕಿಂಡಿಯ ಕೆಳಗೆ ಉಂಡೆ. ಘಾಟೇರಿದ ಆ ಮಧ್ಯಾಹ್ನ ಗಂಗಾಳ ಸರಿಸಿ ಎದ್ದು, ಮಗನ ಅಂಗಡಿಯಿಂದ ಏಣಿ ತರಿಸಿ ಮಾಳಿಗೆ ಹತ್ತಿ ಆ ತುಂಡು ಬಿಚ್ಚಿದೆ.

"ಪಾರಿವಾಳ ಒಳಗ ಬರ್ತಾವ್ರಿ ಮಾವಾರ," ಎಂದಳು ಗಿರಿಜಾ.

"ಬರ್ಲಿ ಬಿಡವ್ವ, ನಾಕು ದಿನ," ಎಂದೆ.

ಮರುದಿನ ತುಂಡನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ತಾವರಗೇರಾದ ತನಕ ಬಸ್ಸಿಗೆ, ಅಲ್ಲಿಂದ ಟಂಟಂ ಗಾಡಿಗೆ ಹೋದೆ. ಹನುಮವ್ವ ಮನೆಯ ಮುಂದೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಕೂದಲು ಪೂರ್ತಿ ನರೆತಿತ್ತು. ಬರ್ರಿ ಎಂದಳು, ನೀರು ಕೊಟ್ಟಳು. ನಾನು ಕುಡಿಯದೆ ಎಲ್ಲವನ್ನೂ ಹೇಳಿದೆ: ಪೊರೆ ಸುಲಿದದ್ದು, ಅದು ಕಂಪನಿ ಹೆಸರಲ್ಲ ಎಂಬುದು, ಮೈ ತಪ್ಪಿದ್ದು, ಬೇಕೆಂದೇ ಬೂದಿಯ ಪ್ರಶ್ನೆ ಕೇಳಿದ್ದು. ತಪ್ಪಾತವ್ವ, ಎಂದೆ.

ಅವಳ ಕೈ ನಿಲ್ಲಲಿಲ್ಲ. ತೊಟ್ಟು ಬಿಡಿಸುತ್ತಲೇ ಇದ್ದಳು. ಕಾಯಿಯ ಮೇಲಿನ ಕಣ್ಣೆತ್ತದೆ ಅಂದಳು: "ನನಗ ಯಾಕ ಹೇಳ್ತೀರಿ ಅಣ್ಣಾರ? ನಾ ಬೂದಿ ಹಚ್ಚಿಲ್ಲ ಅಂತ ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳ್ರಿ."

ನಾನು ಬಂದದ್ದು ಅವಳೊಬ್ಬಳ ಮುಂದೆ ತಲೆ ಬಗ್ಗಿಸಿ ಹಗುರಾಗಿ ಹೋಗೋಣ ಎಂದು. ಅದು ಅವಳಿಗೆ ತಿಳಿದಿತ್ತು.

ಶುಕ್ರವಾರ ಸಂಘ ಕೂಡುವ ದಿನ. ಮತ್ತೆ ಹೋದೆ. ಪೆಟ್ಟಿಗೆಯ ಪಕ್ಕದಲ್ಲೇ ಎಲ್ಲರೂ ಕೂತಿದ್ದರು. ಪೆಟ್ಟಿಗೆಯ ಮೇಲೆ ಜೋಳದ ಕಣಿಕೆ ಒಟ್ಟಿದ್ದರು. ಹನುಮವ್ವ ಹಿಂದಿನ ಸಾಲಿನಲ್ಲಿದ್ದಳು. ನಾನು ನನ್ನ ತುಂಡನ್ನು ಅವರ ಹಳದಿ ಹಾಳೆಯಿಂದ ಮುರಿದ ಚೂರಿನ ಪಕ್ಕಕ್ಕೆ ಹಿಡಿದು ನಿಂತು ಎಲ್ಲ ಹೇಳಿದೆ.

ಯಾರೂ ಬಯ್ಯಲಿಲ್ಲ. ಶಾಂತಮ್ಮ ಎರಡೂ ತುಂಡು ಕೈಗೆ ತಗೊಂಡು ತಿರುಗಿಸಿ ನೋಡಿದಳು. "ನೀವು ಬರೇ ಕೇಳಿದ್ರಿ," ಎಂದಳು ಕೊನೆಗೆ. "ಅಂದವರು ನಾವು. ಐದು ವರ್ಷ ನಮ್ಮ ಬಾಯಿಲೇ ಅನ್ನಿಸಿದ್ರಲ್ಲ ಬಸಣ್ಣಾರ." ಆಮೇಲೆ ಹಿಂದಿನ ಸಾಲಿನ ಕಡೆ ತಿರುಗಿ, "ಹನುಮವ್ವ, ಮುಂದ ಬಾ. ಇಲ್ಲಿ ಕುಂದ್ರು," ಎಂದಳು.

ಹನುಮವ್ವ ಬಂದು ಅವಳ ಪಕ್ಕದಲ್ಲಿ ಕೂತಳು.

ಮುಚ್ಚಳ ಮತ್ತೆ ಕೂರಿಸಿಕೊಡುವುದು ನನ್ನ ಹೊಣೆ ಎಂದು ಹೇಳಿ ಬಂದೆ. ಈ ಸಲ ಗಾಜು, ಆದರೆ ಸಾದಾ ಗಾಜಲ್ಲ. ಭಟ್ಟಿಯಲ್ಲಿ ಕಾಯಿಸಿ ಗಾಳಿ ಊದಿ ತಟ್ಟನೆ ಆರಿಸಿದ ಟಫನ್ ಗಾಜು. ಮಂಗ ಕುಣಿದರೂ ಜಗ್ಗುವುದಿಲ್ಲ, ಒಡೆದರೂ ಕೈ ಕೊಯ್ಯದ ಹರಳಾಗಿ ಉದುರುತ್ತದೆ. ಒಂದೇ ತೊಡಕು, ಗಟ್ಟಿ ಮಾಡಿದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ. ಅಳತೆ ಮೊದಲೇ ಸರಿಯಿರಬೇಕು. ನಾನು ಮೂರು ಸಲ ಅಳೆದೆ, ನಾಲ್ಕನೆಯ ಸಲ ಹನುಮವ್ವನಿಂದ ಟೇಪು ಹಿಡಿಸಿ ಅಳೆದೆ. ಹುಬ್ಬಳ್ಳಿಯಿಂದ ಗಾಜು ಬಂತು. ಭಾರ ತಡೆಯಲು ಮಗ ಹೊಸ ಚೌಕಟ್ಟು ಮಾಡಿಕೊಟ್ಟ. ಕೂರಿಸಿದ್ದು ನಾನೇ.

ಕೆಲಸ ಮುಗಿದಾಗ ಗಾಜಿನ ಮೇಲೆಲ್ಲ ನನ್ನ ಬೆರಳಿನ ಜಿಡ್ಡಿನ ಗುರುತುಗಳಿದ್ದವು. ಒರೆಸಲು ಬಟ್ಟೆ ತೆಗೆದೆ.

"ತಡೀರಿ," ಎಂದಳು ಹನುಮವ್ವ. ಮನೆಗೆ ಹೋಗಿ, ಒಂದು ಬಟ್ಟಲು ತಂದಳು. ಅದರ ತುಂಬ ಒಲೆಯ ಬೂದಿ, ವಸ್ತ್ರಗಾಳ ಹಿಡಿದು ಹಿಟ್ಟಿನಷ್ಟು ನುಣ್ಣಗೆ ಮಾಡಿದ್ದು. ಎಲ್ಲ ಹೆಂಗಸರೂ ನೋಡುತ್ತಿದ್ದರು. ಅವಳು ಮುಷ್ಟಿ ತುಂಬ ಬೂದಿ ತೆಗೆದು ಹೊಸ ಗಾಜಿನ ನಡುವಿಗೆ ಸುರುವಿ, ಒದ್ದೆ ಬಟ್ಟೆಯಿಂದ ತಿಕ್ಕತೊಡಗಿದಳು.

"ಕಂದೀಲ ಗಾಜು ಬೂದಿಲೇ ತಿಕ್ಕಿ ಬೆಳದಾಕಿ ನಾನು," ಎಂದಳು. "ಗಾಜಿಗೆ ಬೂದಿ, ಹಾಳಿಗೆ ಬರೇ ನೀರು. ಇದು ನನಗ ಅವಾಗೂ ಗೊತ್ತಿತ್ತು."

ಮೊದಲು ನಕ್ಕವಳು ಶಾಂತಮ್ಮ. ಆಮೇಲೆ ಎಲ್ಲರೂ. ನೀರು ಹಾಕಿ ಒರೆಸಿದಾಗ ಗಾಜು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು. ಬಿಸಿಲು ಸೀದಾ ಕಪ್ಪು ತಗಡಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಫ್ಯಾನು ತಿರುಗಿತು. ಹನುಮವ್ವ ಪೆಟ್ಟಿಗೆಯ ಬಾಯಿಗೆ ಅಂಗೈ ಹಿಡಿದು ನಿಂತಳು. ಶಾಂತಮ್ಮ ಮೆಣಸಿನಕಾಯಿಯ ತಟ್ಟೆ ಎತ್ತಿಕೊಂಡು ಆ ಕೈಯನ್ನೇ ನೋಡುತ್ತ ಕಾದಳು.

ನನ್ನ ಬೆಳಕಿಂಡಿಯ ತುಂಡನ್ನು ಹನುಮವ್ವ ತನಗೆ ಬೇಕೆಂದಳು, ಕೊಟ್ಟೆ. ಅವಳ ಮನೆಯ ಮಾಳಿಗೆಗೆ ನಾನೇ ಹತ್ತಿ ಕೂರಿಸುವಾಗ ಕೆಳಗಿನಿಂದ ಕೂಗಿದಳು: "ಅಣ್ಣಾರ, ಯಾವ ಮೈ ಬಿಸಿಲಿಗೆ ಅಂತ ಸರಿಯಾಗಿ ನೋಡ್ಕೊಳ್ರಿ."

ಬಿಚ್ಚುವಾಗಲೇ ಆ ಮೈಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ಹಾಗಂತ ಹೇಳಿದೆ.

"ಹಂಗಾರ ಕುಂದ್ರಿಸಿ ಇಳೀರಿ," ಎಂದಳು. "ಹಿಂಡಿ ಮಾಡೀನಿ."